ಕೀಮೋ, ಕರೆಂಟ್ ‘ಒಟ್ಟಿಗೆ’ ಅಂದರೆ ಯಾವಾಗ?

ಎಲ್ಲರಿಗೂ ನಮಸ್ಕಾರ.

ಗರ್ಭಕಂಠದ ಕ್ಯಾನ್ಸರ್ ಪ್ರಯೋಗವೊಂದರ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕಾನ್‌ಕರೆಂಟ್ ಕೀಮೋರೇಡಿಯೇಷನ್’ (ಕೀಮೋ ಔಷಧ, ರೇಡಿಯೇಷನ್ ಎರಡನ್ನೂ ಜೊತೆಗೆ ಕೊಡುವುದು) ಅನ್ನುವ ಕಡೆ ಸಿಕ್ಕಿಹಾಕಿಕೊಂಡೆ. ಮೊದಲು ‘ಏಕಕಾಲಿಕ’ ಎಂದು ಬರೆದು ಚಿಕ್ಕಮ್ಮನಿಗೆ ಓದಿ ಹೇಳಿದೆ. ಅವರ ಮುಖ ನೋಡಿ ‘ಒಟ್ಟಿಗೆ’ ಎಂದು ತಿದ್ದಿದೆ. "ಅಂದ್ರೆ ಕರೆಂಟ್ ಕೊಡೋವಾಗ್ಲೇ ಡ್ರಿಪ್ಪೂ ಹಾಕಿರ್ತಾರಾ?" ಅಂದರು. (ರೇಡಿಯೇಷನ್ನಿಗೆ ನಮ್ಮ ಕಡೆ ಕರೆಂಟ್ ಅಂತಲೇ ಹೇಳೋದು. ಕಾನ್‌ಕರೆಂಟ್‌ನಲ್ಲೂ ಕರೆಂಟ್ ಇದೆ ಅಂತ ನಗಬೇಡಿ!)

ಹಾಗಲ್ಲವಲ್ಲ. ಕರೆಂಟ್ ವಾರಕ್ಕೆ ಐದು ದಿನ, ದಿನಾ ಕೆಲವೇ ನಿಮಿಷ. ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧ ಸಾಮಾನ್ಯವಾಗಿ ವಾರಕ್ಕೊಮ್ಮೆ. ಒಂದೇ ಗಳಿಗೆಯಲ್ಲ, ಒಂದೇ ಅವಧಿ. ಹೀಗೆ ಜೊತೆಜೊತೆಗೆ ಕೊಡಬೇಕೆಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1999ರಲ್ಲಿ ಐದು ಪ್ರಯೋಗಗಳನ್ನು ನೋಡಿ ವೈದ್ಯರಿಗೆ ಸೂಚಿಸಿತ್ತು. ಕೊನೆಗೆ ‘ಕರೆಂಟ್ ಕೊಡುವ ವಾರಗಳಲ್ಲೇ ಕೀಮೋ’ ಎಂದು ಬರೆದೆ. ಉದ್ದವಾಯಿತು, ಆದರೆ ಅರ್ಥವಾಗುತ್ತೆ.

ಇನ್ನೂ ಕಷ್ಟ ಆಪರೇಷನ್ನಿನ ಮುಂಚೆ ಮತ್ತು ಆಮೇಲೆ ಕೊಡುವುದಕ್ಕೆ. ‘ನಿಯೋಅಡ್ಜುವೆಂಟ್’ಗೆ ‘ಪೂರ್ವಭಾವಿ’ ಅಂದರೆ ಪೂರ್ವಭಾವಿ ಸಭೆಯ ಹಾಗೆ, ಅಸಲಿ ಕೆಲಸ ಇನ್ನೂ ಶುರುವಾಗಿಲ್ಲ ಅನ್ನಿಸುತ್ತೆ. ‘ಅಡ್ಜುವೆಂಟ್’ಗೆ ‘ಪೂರಕ’ ಅಂದರೆ ಹಿಂದೆ ಇದ್ದ ಪಿಯುಸಿ ಪೂರಕ ಪರೀಕ್ಷೆ ನೆನಪಾಗುತ್ತೆ. ಮೊದಲ ಸಲ ಫೇಲ್ ಆದವರಿಗೆ ಕೊಡೋದು ಅಂದುಕೊಂಡರೆ?

ಇದು ಬರೀ ಪದದ ಚಪಲವಲ್ಲ. 2023ರಲ್ಲಿ ಪ್ರಕಟವಾದ ಒಂದು ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಪ್ರಯೋಗ ನೋಡಿ. ಔಷಧ ಒಂದೇ, ಪೆಂಬ್ರೊಲಿಜುಮಾಬ್ (ಕೀಮೋ ಅಲ್ಲ, ಕ್ಯಾನ್ಸರ್ ವಿರುದ್ಧ ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಔಷಧ). ಎರಡೂ ಗುಂಪಿಗೆ 18 ಡೋಸ್. ಒಂದು ಗುಂಪಿಗೆ ಎಲ್ಲವೂ ಆಪರೇಷನ್ ಆದಮೇಲೆ. ಇನ್ನೊಂದಕ್ಕೆ 3 ಮುಂಚೆ, 15 ಆಮೇಲೆ. ಎರಡು ವರ್ಷದ ಹೊತ್ತಿಗೆ ಕಾಯಿಲೆ ಮರುಕಳಿಸುವಂಥ ತೊಂದರೆ ಇಲ್ಲದೆ ಉಳಿದವರು ಮೊದಲ ಗುಂಪಲ್ಲಿ ಸುಮಾರು 49%, ಎರಡನೆಯದರಲ್ಲಿ 72%. ಬದಲಾಗಿದ್ದು ಹೊತ್ತು ಮಾತ್ರ. ಇದನ್ನು ‘ಸಂಯೋಜಿತ ಚಿಕಿತ್ಸೆ’ ಎಂದು ಬರೆದುಬಿಟ್ಟರೆ ಪ್ರಯೋಗದ ತಿರುಳೇ ಮಾಯ, ಅಲ್ವಾ?

‘ಸೀಕ್ವೆನ್ಷಿಯಲ್’ಗೆ ‘ಒಂದು ಮುಗಿದ ಮೇಲೆ ಇನ್ನೊಂದು’ ಸಾಕು.

ಈಗ ನನಗೆ ಬೇಕಿರುವುದು ಕೋಷ್ಟಕದ ಕಿರಿದಾದ ಮನೆಯಲ್ಲಿ ಕೂರುವಂಥ ಚಿಕ್ಕ ಪದಗಳು. ಸುಮ್ನೆ ಮುಂಗಾರು, ಹಿಂಗಾರು ಇದ್ದ ಹಾಗೆ ‘ಮುಂಗೀಮೋ’, ‘ಹಿಂಗೀಮೋ’ ಅಂದು ನೋಡಿದೆ. ಚಿಕ್ಕಮ್ಮ ಜೋರಾಗಿ ನಕ್ಕರು. ಆದರೆ ಯಾವುದು ಆಪರೇಷನ್ನಿಗೆ ಮುಂಚೆ ಅಂತ ಕೇಳಲಿಲ್ಲ. ಬಳಸಬಹುದಾ, ಹೇಳಿ.