ಹಿನ್ನೀರಿನ ದೋಣಿಗೆ 100 ಲೀಟರ್ ನೀರಿನ ಟ್ಯಾಂಕ್: ಎಲ್ಲಿ ಕೂರಿಸೋದು, ಹೇಗೆ ಬಿಗಿಯೋದು?

ಪ್ರಶ್ನೆ (ತುಮರಿ ಕಡೆಯಿಂದ): ನಮಸ್ಕಾರ. 18 ಅಡಿ ಫೈಬರ್ ದೋಣಿ, 25 ಎಚ್‌ಪಿ ಔಟ್‌ಬೋರ್ಡ್ ಎಂಜಿನ್. ಹೋಂಸ್ಟೇಗೆ ಬಂದವರನ್ನ ಶರಾವತಿ ಹಿನ್ನೀರಲ್ಲಿ ಸುತ್ತಾಡಿಸಿ, ನಡುಗಡ್ಡೆಯಲ್ಲಿ ಊಟ ಹಾಕಿ ಕರ್ಕೊಂಡು ಬರೋದು. ಕುಡಿಯೋಕೆ, ತಟ್ಟೆ ತೊಳೆಯೋಕೆ ಅಂತ 90×60×20 ಸೆಂಟಿಮೀಟರಿನ ಚಪ್ಪಟೆ ಪಾಲಿಥೀನ್ ಟ್ಯಾಂಕ್ ತಂದಿದ್ದೀನಿ. ಮುಂದುಗಡೆ ಜಾಗ ಖಾಲಿ ಇದೆ. ಅಲ್ಲಿಟ್ಟು ಎರಡು ಬೆಲ್ಟ್ ಹಾಕಿದ್ರೆ ಸಾಕಾ?

ಉತ್ತರ (ಫೈಬರ್ ದೋಣಿ ಕೆಲಸ, ಸಾಗರ): ಸಾಕಾಗಲ್ಲ ಮಾರಾಯ್ರೆ. ಮೊದಲು ಜಾಗದ ವಿಷಯ. ನೀರೇ 100 ಕೆಜಿ. ಅಂದ್ರೆ ಒಂದೂವರೆ ಆಳು ಯಾವಾಗಲೂ ಮೂತಿಯಲ್ಲಿ ಕೂತ ಹಾಗೆ. ಮುಂದುಗಡೆ ಭಾರ ಬಿದ್ದರೆ ದೋಣಿ ಮೂತಿ ತಗ್ಗಿಸುತ್ತೆ, ಗಾಳಿ ಎದ್ದ ದಿನ ಅಲೆ ಒಳಗೆ ಬರುತ್ತೆ. ನಡುವಿನ ಸೀಟಿನ ಕೆಳಗೆ, ಎಡಬಲದ ಸರಿ ಮಧ್ಯೆ, ಎಷ್ಟು ತಗ್ಗಿನಲ್ಲಿ ಆಗುತ್ತೋ ಅಷ್ಟು ತಗ್ಗಿನಲ್ಲಿ ಇಡಿ. ಆ 100 ಕೆಜಿಯನ್ನ ಜನರ ಲೆಕ್ಕದಿಂದ ಕಳೆಯೋದು ಮರೀಬೇಡಿ.

90ರ ಬದಿ ದೋಣಿಯ ಉದ್ದಕ್ಕೆ ಬರಬೇಕು. ಅಡ್ಡ ಹಾಕಿದರೆ, ಅರ್ಧ ತುಂಬಿದಾಗ ನೀರು ಪಕ್ಕಕ್ಕೆ ಓಡಿ ದೋಣಿಯನ್ನ ವಾಲಿಸೋ ಬಲ ಎರಡೂಕಾಲು ಪಟ್ಟು ಜಾಸ್ತಿ. ಟ್ಯಾಂಕಿನ ಅಗಲ ಈ ಲೆಕ್ಕದಲ್ಲಿ ಮೂರು ಸಲ ಗುಣಿಸಿಕೊಂಡು ಬರುತ್ತೆ, ಉದ್ದ ಒಂದೇ ಸಲ. ತುಂಬಿದ ಕೊಡ ತುಳುಕೋದಿಲ್ಲ ಅಂತಾರಲ್ಲ, ದೋಣಿಯಲ್ಲಿ ಅದು ಅಕ್ಷರಶಃ ನಿಜ: ತುಂಬಿದ ಟ್ಯಾಂಕ್ ಸುಮ್ಮನಿರುತ್ತೆ, ಖಾಲಿಯದ್ದೂ ಸುಮ್ಮನಿರುತ್ತೆ, ಅರ್ಧ ಆದದ್ದೇ ತಂಟೆ.

ಇನ್ನೂ ಬದಲಾಯಿಸೋಕೆ ಆಗುತ್ತೆ ಅಂದ್ರೆ 30 ಸೆಂಟಿಮೀಟರ್ ಅಗಲದ 50 ಲೀಟರಿನ ಎರಡು ಟ್ಯಾಂಕ್ ತಗೊಳ್ಳಿ. ವಾಲಾಟ ಕಾಲು ಭಾಗಕ್ಕೆ ಇಳಿಯುತ್ತೆ. ಆದರೆ ಎರಡರ ನಡುವಿನ ಪೈಪಿಗೆ ಬಾಲ್ ವಾಲ್ವ್ ಹಾಕಿ, ಓಡುವಾಗ ಮುಚ್ಚಿರಬೇಕು. ತೆರೆದೇ ಬಿಟ್ಟರೆ ನೀರು ಪೈಪಲ್ಲೇ ಆ ಕಡೆ ಈ ಕಡೆ ಹರಿದು, ಮಾಡಿದ ಖರ್ಚು ದಂಡ.

ಪ್ರಶ್ನೆ (ಅದೇ ತುಮರಿಯವರು): ಟ್ಯಾಂಕ್ ವಾಪಸ್ ಕೊಡೋಕಾಗಲ್ಲ ಅಣ್ಣ, ಇದನ್ನೇ ಕೂರಿಸಬೇಕು. ಬೆಲ್ಟ್ ಯಾಕೆ ಸಾಲಲ್ಲ?

ಉತ್ತರ: ಬೆಲ್ಟ್ ಕೆಳಕ್ಕೆ ಒತ್ತಿ ಹಿಡಿಯುತ್ತೆ, ಪಕ್ಕಕ್ಕೆ ಹಿಡಿಯಲ್ಲ. ನಿಮ್ಮ ಹಿನ್ನೀರಲ್ಲಿ ಮುಳುಗಿದ ಮರದ ಬೊಡ್ಡೆ ಎಷ್ಟಿವೆ ಅಂತ ನಾನು ಹೇಳಬೇಕಿಲ್ಲ. ಬೊಡ್ಡೆಗೆ ತಾಗಿ ದೋಣಿ ಗಕ್ಕಂತ ನಿಂತರೂ 100 ಕೆಜಿ ನೀರು ನಿಲ್ಲಲ್ಲ. ಬೆಲ್ಟಿನ ಕೆಳಗಿಂದ ಟ್ಯಾಂಕ್ ಸೋಪಿನ ಹಾಗೆ ಜಾರಿ, ಎದುರು ಕೂತವರ ಕಾಲಿಗೆ ಬಡಿಯುತ್ತೆ. ಅದಕ್ಕೇ ನಾಲ್ಕೂ ಕಡೆ ಮರದ ಕಟ್ಟೆ ಬೇಕು, ಮುಂದಿನದು ಎಲ್ಲಕ್ಕಿಂತ ಗಟ್ಟಿ.

ಟ್ಯಾಂಕಿನ ಕೆಳಗೆ 18 ಮಿಲಿಮೀಟರ್ ಮರೈನ್ ಪ್ಲೈ ಹಾಕಿ, ಅದು ದೋಣಿ ತಳದ ಉದ್ದ ಪಟ್ಟಿಗಳ ಮೇಲೆ ಕೂರಲಿ. ಪಾಲಿಥೀನ್ ಟ್ಯಾಂಕಿಗೆ ಇಡೀ ತಳಕ್ಕೂ ಆಧಾರ ಬೇಕು, ಬರೀ ಎರಡು ರೀಪರ್ ಮೇಲಿಟ್ಟರೆ ನಡುವೆ ಜೋತು ಬೀಳುತ್ತೆ. ಪ್ಲೈ ಕೆಳಗೆ ನೀರು ಹರಿಯೋ ಸಂದಿ ಉಳಿಸಿ. ಸಂದಿ ಇಲ್ಲದಿದ್ದರೆ ಮಳೆನೀರು ಮುಂದೇ ನಿಂತು ಪ್ಲೈ ಕೊಳೆಯುತ್ತೆ. ಪ್ಲೈಯ ಕತ್ತರಿಸಿದ ಅಂಚಿಗೆ ಎರಡು ಕೈ ರೆಸಿನ್ ಬಳಿಯಿರಿ.

ಕಟ್ಟೆ 10 ಸೆಂಟಿಮೀಟರ್ ಎತ್ತರ, ಟ್ಯಾಂಕಿನ ಅರ್ಧದಷ್ಟು. ಗುರುತು ಹಾಕೋ ಮೊದಲು ಟ್ಯಾಂಕ್ ಪೂರ್ತಿ ತುಂಬಿ ಒಂದು ರಾತ್ರಿ ಬಿಡಿ. ಪಾಲಿಥೀನ್ ಉಬ್ಬುತ್ತೆ, ಖಾಲಿ ಅಳತೆಗೆ ಕಟ್ಟೆ ಹೊಡೆದರೆ ಮೂಲೆ ಒತ್ತಿ ಬಿರುಕು ಬಿಡುತ್ತೆ. ಉಬ್ಬಿದ ಅಳತೆಯ ಮೇಲೆ ಸುತ್ತ 5 ಮಿಲಿಮೀಟರ್ ಬಿಟ್ಟು, ಅಲ್ಲಿ ರಬ್ಬರ್ ಪಟ್ಟಿ ಇಡಿ. ಕಟ್ಟೆಯನ್ನ ಪ್ಲೈಗೆ ಮತ್ತು ತಳದ ಪಟ್ಟಿಗೆ ಚದರ ಮೀಟರಿಗೆ 450 ಗ್ರಾಂ ತೂಗೋ ಫೈಬರ್ ಮ್ಯಾಟ್‌ನ ಮೂರು ಪದರಕ್ಕೆ ರೆಸಿನ್ ಕುಡಿಸಿ ಕಟ್ಟಿ, ಒಂದರ ಮೇಲೊಂದು ಅಗಲವಾಗುತ್ತಾ ಹೋಗಲಿ. ಹಳೇ ಫೈಬರನ್ನ 60 ನಂಬರ್ ಉಪ್ಪುಕಾಗದದಲ್ಲಿ ಹೊಳಪು ಹೋಗೋವರೆಗೆ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿಯೇ ಹಚ್ಚಬೇಕು. ದೋಣಿ ತಳಕ್ಕೆ ಸ್ಕ್ರೂ ಮಾತ್ರ ಹೊಡೀಬೇಡಿ, ಅದು ತಳಕ್ಕೆ ತೂತು ಕೊರೆದಂತೆಯೇ.

ಹಾಂ, ಇದನ್ನ ಮಳೆಗಾಲದಲ್ಲಿ ಮಾಡಬೇಡಿ. ತೇವ ಇದ್ದ ಮೇಲ್ಮೈಗೆ ಪಾಲಿಯೆಸ್ಟರ್ ರೆಸಿನ್ ಹಿಡಿಯಲ್ಲ, ನೋಡೋಕೆ ಗಟ್ಟಿಯಾಗಿದ್ದರೂ ಆಮೇಲೆ ಸಿಪ್ಪೆ ಹಾಗೆ ಎದ್ದು ಬರುತ್ತೆ. ರೆಸಿನ್‌ಗೆ ಮೊದಲು ಕೋಬಾಲ್ಟ್ (ಬೇಗ ಗಟ್ಟಿಯಾಗಿಸೋ ದ್ರವ) ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್. ಅವೆರಡನ್ನ ನೇರ ಸೇರಿಸಬೇಡಿ, ಬೆಂಕಿ ಹತ್ತುತ್ತೆ, ಸಿಡಿಯಲೂಬಹುದು.

ಬೆಲ್ಟ್ 50 ಮಿಲಿಮೀಟರ್ ಪಾಲಿಯೆಸ್ಟರ್, ಎರಡು. ನೈಲಾನ್ ಬೇಡ, ಒದ್ದೆಯಾದರೆ ಹಿಗ್ಗುತ್ತೆ. ತುದಿಗಳನ್ನ 8 ಮಿಲಿಮೀಟರ್ ಸ್ಟೇನ್‌ಲೆಸ್ ಐ-ಬೋಲ್ಟ್‌ಗೆ ಕಟ್ಟಿ, ಬೋಲ್ಟ್ ಕಟ್ಟೆಯನ್ನ ತೂರಿ ಹೋಗಿ ಆಚೆ ದೊಡ್ಡ ವಾಷರ್ ಮೇಲೆ ನಟ್ ಕೂರಲಿ. ಬೆಲ್ಟಿಗೆ ರ‍್ಯಾಚೆಟ್ (ಹಿಡಿ ಆಡಿಸಿ ಬಿಗಿಯೋ ಕೊಂಡಿ) ಇದ್ದರೆ ಕೈ ತಡೀರಿ, ಅದು ಟ್ಯಾಂಕನ್ನೇ ಹಿಸುಕುತ್ತೆ. ಖಾಲಿ ಟ್ಯಾಂಕಿಗೂ ಬೆಲ್ಟ್ ಇರಲೇಬೇಕು. ದೋಣಿಗೆ ನೀರು ನುಗ್ಗಿದರೆ ಖಾಲಿ ಟ್ಯಾಂಕ್ ಹತ್ತಿರಹತ್ತಿರ 100 ಕೆಜಿ ಬಲದಲ್ಲಿ ಮೇಲಕ್ಕೆ ಎದ್ದು ಬರುತ್ತೆ.

ಪ್ರಶ್ನೆ (ಹೊಸನಗರ): ನಮ್ಮ ದೋಣಿಯಲ್ಲೂ ಇದೇ ಥರ ಟ್ಯಾಂಕ್ ಇದೆ. ಪಂಪ್ ಆನ್ ಮಾಡಿದ್ರೆ ಶುರುವಲ್ಲಿ ನೀರು ಜೋರಾಗಿ ಬಂದು ಆಮೇಲೆ ಸಣ್ಣಗಾಗುತ್ತೆ. ಟ್ಯಾಂಕ್ ಪಕ್ಕ ಒಳಕ್ಕೆ ಹೋಗಿದೆ ಅನ್ಸುತ್ತೆ. ಪಂಪ್ ಬದಲಾಯಿಸಬೇಕಾ?

ಉತ್ತರ (ಪ್ಲಂಬಿಂಗ್ ಮತ್ತು ವೈರಿಂಗ್, ಶಿವಮೊಗ್ಗ): ಪಂಪ್ ಸರಿ ಇದೆ ಸಾರ್, ಗಾಳಿ ಪೈಪ್ ಕಟ್ಟಿದೆ. ತುಂಬೋ ಬಾಯಿಯ ಮುಚ್ಚಳ ಬಿಚ್ಚಿ ನೋಡಿ, ಪುಸ್ ಅಂತ ಗಾಳಿ ಒಳಗೆ ಹೋಗಿ ಟ್ಯಾಂಕ್ ಮೊದಲಿನ ಆಕಾರಕ್ಕೆ ಬಂದರೆ ಅದೇ. ನಮ್ಮ ಕಡೆ ಕಣಜದ ಹುಳಕ್ಕೆ ತೆರೆದ ಪೈಪ್ ಕಂಡರೆ ಸಾಕು, ಎರಡೇ ದಿನದಲ್ಲಿ ಮಣ್ಣು ಮೆತ್ತಿ ಗೂಡು ಮಾಡಿರುತ್ತೆ. ತಂತಿ ಹಾಕಿ ಬಿಡಿಸಿ, ಪೈಪಿನ ತುದಿಯನ್ನ ದೋಣಿಯ ಅಂಚಿನವರೆಗೆ ಏರಿಸಿ ಕೆಳಮುಖ ಬಗ್ಗಿಸಿ, ಸ್ಟೀಲ್ ಜಾಲರಿ ಕಟ್ಟಿ. ಗಾಳಿ ಪೈಪ್ 16 ಮಿಲಿಮೀಟರಿಗಿಂತ ಸಣ್ಣದಿದ್ದರೆ ದೊಡ್ಡದು ಹಾಕಿ. ಮೋಟಾರ್ ಪೈಪಿನಿಂದ ರಭಸಕ್ಕೆ ತುಂಬುವಾಗ ಒಳಗಿನ ಗಾಳಿ ಹೊರಗೆ ಹೋಗಲಾರದೆ ಟ್ಯಾಂಕ್ ಉಬ್ಬಿ ಜೋಡಣೆ ಸೋರುತ್ತೆ.

ನಲ್ಲಿ ಮುಚ್ಚಿದ್ದರೂ ಪಂಪ್ ಆಗಾಗ ಗುರ್ ಅಂದರೆ ಪಂಪಿನಿಂದ ನಲ್ಲಿವರೆಗೆ ಎಲ್ಲೋ ಸೋರಿಕೆ. ನಲ್ಲಿಯಲ್ಲಿ ಗಾಳಿ ಬೆರೆತ ನೀರು ಬಂದರೆ ಟ್ಯಾಂಕಿನಿಂದ ಪಂಪಿನವರೆಗಿನ ಕ್ಲಿಪ್ ಸಡಿಲ. ಅಬ್ಬಿ ನೀರು ತುಂಬೋರು ಪಂಪಿಗೆ ಮುಂಚೆ ಸ್ಟ್ರೈನರ್ (ಸೋಸೋ ಜಾಲರಿ) ಹಾಕಲೇಬೇಕು, ಎಲೆಚೂರು, ಮರಳು ಸೇರಿ ಪಂಪಿನೊಳಗಿನ ರಬ್ಬರ್ ಪೊರೆ (ಡಯಾಫ್ರಂ) ಕೆಡುತ್ತೆ. ಸೋರಿದ ಕಡೆ ಎಂ-ಸೀಲ್ ಮೆತ್ತಬೇಡಿ, ಪಾಲಿಥೀನ್‌ಗೆ ಯಾವ ಅಂಟೂ ಸರಿಯಾಗಿ ಹಿಡಿಯಲ್ಲ. ರಬ್ಬರ್ ವಾಷರ್ ಇರೋ ಟ್ಯಾಂಕ್ ನಿಪ್ಪಲ್ ಒಂದೇ ದಾರಿ. 12 ವೋಲ್ಟ್ ಪಂಪಿನ ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ಪಂಪನ್ನ ಪೆಟ್ರೋಲ್ ಕ್ಯಾನ್ ಇರೋ ಮುಚ್ಚಿದ ಪೆಟ್ಟಿಗೆಯಲ್ಲಿ ಇಡಬೇಡಿ, ಮೋಟಾರಿನ ಕಿಡಿ ಸಾಕು.

ಪ್ರಶ್ನೆ (ತುಮರಿ): ಕುಡಿಯೋಕೆ ಇದೇ ನೀರು ಕೊಡಬಹುದಾ?

ಉತ್ತರ (ಶಿವಮೊಗ್ಗ): ಟ್ಯಾಂಕ್ ಫುಡ್ ಗ್ರೇಡ್ ಆಗಿದ್ದು, ಕುಡಿಯೋ ನೀರನ್ನೇ ತುಂಬಿದರೆ ಆಗುತ್ತೆ. ಹೊಸ ಟ್ಯಾಂಕಿಗೆ 100 ಲೀಟರಿಗೆ 15 ಗ್ರಾಂ ತಾಜಾ ಬ್ಲೀಚಿಂಗ್ ಪೌಡರ್. ಬಕೆಟಲ್ಲಿ ಕಲಸಿ, ತಿಳಿ ಮಾತ್ರ ಸುರಿದು, ನಲ್ಲಿಯಲ್ಲಿ ಕ್ಲೋರಿನ್ ವಾಸನೆ ಬರೋವರೆಗೆ ಪಂಪ್ ಓಡಿಸಿ, 12 ಗಂಟೆ ಬಿಟ್ಟು ಪೂರ್ತಿ ಚೆಲ್ಲಿ. ವಾಸನೆ ಹೋಗೋವರೆಗೆ ತೊಳೀರಿ. ಅರ್ಧ ದಿನದ ಸುತ್ತಾಟ ಅಷ್ಟೇ ಆದರೆ ಕುಡಿಯೋಕೆ 20 ಲೀಟರ್ ಕ್ಯಾನ್ ಬೇರೆ ಇಟ್ಟು, ಟ್ಯಾಂಕನ್ನ ತೊಳೆಯೋಕೆ ಬಿಡೋದೇ ನನಗೆ ಸರಿ ಕಾಣುತ್ತೆ.

ಉತ್ತರ (ಸಾಗರ): ಇನ್ನೊಂದು. ಬೇಸಿಗೆಯಲ್ಲಿ ಹಿನ್ನೀರು ಇಳಿದು ದೋಣಿ ದಿಬ್ಬದ ಮೇಲೆ ಕೂರೋ ಮೊದಲು ಟ್ಯಾಂಕ್ ಖಾಲಿ ಮಾಡಿ. ತಳಕ್ಕೆ ನೀರಿನ ಆಸರೆ ಇಲ್ಲದಾಗ ಆ ಭಾರವೆಲ್ಲ ಒಂದೆರಡು ಕಲ್ಲಿನ ಮೇಲೆ ಬೀಳುತ್ತೆ. ಟ್ರೇಲರಿಗೆ ಹತ್ತಿಸುವಾಗಲೂ ಅಷ್ಟೇ. ನೀರು ಬಿಡೋ ಕಾಕ್ ಟ್ಯಾಂಕಿನ ಹಿಂದಿನ ಕೆಳಮೂಲೆಯಲ್ಲಿ ಇದ್ದರೆ ಎಂಜಿನ್ ಕಡೆ ಸ್ವಲ್ಪ ತಗ್ಗಿಸಿದರೆ ಸಾಕು, ಪೂರ್ತಿ ಬಸಿಯುತ್ತೆ.