ನವಗ್ರಹಕ್ಕೊಂದು ಉಂಗುರ

"ಒಂಬತ್ತು ಉಂಗುರವೇ? ಯಾವ ಜ್ಯೋತಿಷಿ ಹೇಳಿದ್ದು?" ಎಂದ ಸುಬ್ಬಣ್ಣ, ಬೈಟು ಕಾಫಿಯಲ್ಲಿ ತನ್ನ ಪಾಲು ಕಡಿಮೆಯಾಗಿದೆಯೇ ಎಂದು ಲೋಟ ಎತ್ತಿ ನೋಡುತ್ತಾ.

"ಜ್ಯೋತಿಷಿಯಲ್ಲ ಮಾರಾಯಾ, ಬ್ಯಾಸ್ಕೆಟ್‌ಬಾಲ್," ಎಂದೆ ನಾನು. "ಅಮೆರಿಕದ ದೊಡ್ಡ ಲೀಗ್ ಎನ್‌ಬಿಎ ಗೆದ್ದವರಿಗೆ ಉಂಗುರ ಕೊಡುತ್ತಾರೆ. ಸ್ಟೀವ್ ಕರ್‌ಗೆ ಆಟಗಾರನಾಗಿ ಐದು, ಕೋಚ್ ಆಗಿ ನಾಲ್ಕು."

"ಹಾಗಾದರೆ ಭಾರಿ ಆಟಗಾರ."

"ಎಲ್ಲಿಯ ಭಾರಿ! ತಂಡಗಳು ಹೊಸ ಆಟಗಾರರನ್ನು ಒಬ್ಬೊಬ್ಬರಾಗಿ ಆರಿಸುವ 1988ರ ಆಯ್ಕೆಯಲ್ಲಿ ಅವನ ಹೆಸರು ಬಂದದ್ದು ಐವತ್ತನೆಯದಾಗಿ. ಮದುವೆ ಮನೆಯ ಕೊನೆಯ ಪಂಕ್ತಿ ಎಂದುಕೊ. ಹೋಳಿಗೆಯನ್ನು ಎಣಿಸಿ ಬಡಿಸುತ್ತಾರೆ. ಬಹುಪಾಲು ಬೆಂಚೇ ಗತಿ. ಆದರೆ ದೂರದಿಂದ ಮೂರು ಅಂಕಕ್ಕೆ ಎಸೆದರೆ ನೂರಕ್ಕೆ ನಲವತ್ತೈದು ಬುಟ್ಟಿಗೇ. ಆ ದಾಖಲೆ ಇನ್ನೂ ಅವನದೇ. 1995ರಲ್ಲಿ ಅಭ್ಯಾಸದ ವೇಳೆ ತನ್ನದೇ ತಂಡದ ತಾರೆ ಮೈಕಲ್ ಜೋರ್ಡನ್‌ಗೆ ಎದುರುತ್ತರ ಕೊಟ್ಟು ಕಣ್ಣಿಗೆ ಗುದ್ದಿಸಿಕೊಂಡ."

ಡ್ರಿಲ್ ಮಾಸ್ತರರಾಗಿ ನಿವೃತ್ತರಾದ ಶಾಮರಾಯರ ಕಿವಿ ನೆಟ್ಟಗಾಯಿತು. "ಆಮೇಲೆ?"

"1997ರ ಫೈನಲ್, ಆರನೇ ಪಂದ್ಯ, 86-86. ಜೋರ್ಡನ್ ಮೇಲೆ ಇಬ್ಬರು ಮುಗಿಬಿದ್ದರು. ಚೆಂಡು ಹೋದದ್ದು ಅದೇ ಕರ್ ಕೈಗೆ. ಐದು ಸೆಕೆಂಡು ಉಳಿದಿರುವಾಗ ಬುಟ್ಟಿಗೆ ಹಾಕಿದ. ವಿಜಯೋತ್ಸವದಲ್ಲಿ, ಜೋರ್ಡನ್‌ಗೆ ಇಂಥ ಹೊತ್ತಿನಲ್ಲಿ ಕೈನಡುಕ, ಮತ್ತೆ ನಾನೇ ಕಾಪಾಡಬೇಕಾಯಿತು ಎಂಬಂತೆ ಮಾತನಾಡಿ ಊರನ್ನೇ ನಗಿಸಿದ."

"ಇನ್ನೊಂದು ಕಣ್ಣು ಉಳಿಯಿತೇ?" ಎಂದರು ರಾಯರು.

"ಉಳಿಯಿತು. 2014ರಲ್ಲಿ, ಒಂದು ದಿನವೂ ಕೋಚ್ ಆಗಿರದ ಅವನನ್ನು ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ಕರೆದು ಕೋಚ್ ಆಗಿ ಕೂರಿಸಿತು. ಮರುವರ್ಷವೇ ಕಪ್."

"ಅನುಭವವೇ ಇಲ್ಲದೆ?"

"ಫಿಲ್ ಜಾಕ್ಸನ್, ಪೊಪೊವಿಚ್‌ರಂಥ ಕೋಚುಗಳನ್ನು ಬೆಂಚಿನಿಂದ ವರ್ಷಗಟ್ಟಲೆ ನೋಡಿದ್ದನಲ್ಲ, ಸ್ವಾಮಿ. ಅದಕ್ಕಿಂತ ಪಾಠಶಾಲೆ ಬೇಕೇ?"

"ನಾನೂ ಮೂವತ್ತು ವರ್ಷದಿಂದ ಕುಳಿತೇ ಇದ್ದೇನೆ," ಎಂದ ಸುಬ್ಬಣ್ಣ. "ನನ್ನನ್ನು ಯಾರೂ ಕರೆಯಲಿಲ್ಲ."

"ನೀನು ಕುಳಿತದ್ದು ಕ್ಯಾಂಟೀನಿನಲ್ಲಿ. ಇದನ್ನು ಕೇಳಿ, ರಾಯರೇ: 2018ರ ಫೆಬ್ರುವರಿಯಲ್ಲಿ, ನನ್ನ ದನಿ ಕೇಳಿ ಹುಡುಗರಿಗೆ ಸಾಕಾಗಿದೆ ಎಂದು ಕರ್ ಕೋಚಿನ ಫಲಕವನ್ನು ಆಟಗಾರರ ಕೈಗೇ ಕೊಟ್ಟ. ಇಗುಡಾಲ, ಗ್ರೀನ್ ಗೆರೆ ಎಳೆದು ತಂತ್ರ ಹೇಳಿದರು. ಇವನು ಸುಮ್ಮನೆ ನಿಂತಿದ್ದ. ಗೆದ್ದದ್ದು 129-83ರಿಂದ!"

ರಾಯರಿಗೆ ಇದು ಸಹಿಸಲಾಗಲಿಲ್ಲ. "ನಲವತ್ತಾರು ಅಂಕವೇ! ನಾನು ನನ್ನ ಸೀಟಿಯನ್ನು ಮೂವತ್ತೆಂಟು ವರ್ಷ ಯಾರಿಗೂ ಕೊಟ್ಟವನಲ್ಲ."

ಅಷ್ಟರಲ್ಲಿ ಮಾಣಿ ಬಿಲ್ಲು ತಂದಿಟ್ಟ. ದಿನವೂ ತಾನೇ ಕೊಡುವುದಾಗಿ ಜಗಳವಾಡಿ ಸೋಲುವ ಸುಬ್ಬಣ್ಣ, ಇಂದು ಅದನ್ನು ಎರಡು ಬೆರಳಿನಿಂದ ನನ್ನತ್ತ ತಳ್ಳಿ, ಕೈಕಟ್ಟಿ ಹಿಂದಕ್ಕೆ ಒರಗಿದ.

"ಹುಡುಗರೇ ನೋಡಿಕೊಳ್ಳಲಿ," ಎಂದ.