ಅಪ್‌ಡೇಟ್: ಸ್ಪೀಡಿನಾಗ ಕಾರಿನ ಮೂತಿ ಏಳೋದು ನಿಂತ್ತು

ಹುಬ್ಬಳ್ಳಿಯಿಂದ ನಮಸ್ಕಾರ್ರಿ. ಗಂಟೆಗೆ 140 ಕಿ.ಮೀ. ದಾಟಿದ ಕೂಡಲೇ ನನ್ನ ಸ್ಪೋರ್ಟ್ಸ್ ಕಾರಿನ ಸ್ಟೀರಿಂಗ್ ಹಗುರಾಗಿ ತೇಲಿದಂಗ ಆಗ್ತೈತಿ ಅಂತ ಹಿಂದ ಕೇಳಿದ್ನಲ್ಲ, ಸರಿ ಆತು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಾಗ ಓಡಿಸಿ ನೋಡಿನ ಬರೀಲಿಕತ್ತೀನಿ. ಬೈಪಾಸಿನ್ಯಾಗ ಇದನ್ನ ಯಾರೂ ಪರೀಕ್ಷೆ ಮಾಡಬ್ಯಾಡ್ರಿ.

ಟಯರ್ ಗಾಳಿ, ಅಲೈನ್‌ಮೆಂಟ್‌ನಿಂದ ಫರಕ್ ಬೀಳಲಿಲ್ಲ. ಮುಂದ ಭಾರ ಇಟ್ರೂ ಅಷ್ಟೇ. ಭಾರ ಇದ್ದಷ್ಟೇ ಇರ್ತೈತಿ, ಗಾಳಿ ಮೂತಿ ಎತ್ತೋ ಬಲ ಮಾತ್ರ ಸ್ಪೀಡು 80ರಿಂದ 160ಕ್ಕ ಹೋದ್ರ ನಾಕ್ ಪಟ್ಟು ಆಗ್ತೈತಿ.

ಗುಣ ಕೊಟ್ಟಿದ್ದು, "ಮೊದಲ ಹಿಂದಿನ ವಿಂಗ್ ನೋಡ್ರಿ" ಅಂದ ಧಾರವಾಡದ ಅಣ್ಣಾರ ಸಲಹೆ. ಹಳೇ ಮಾಲೀಕ್ರು ಹಾಕಿಸಿದ ದೊಡ್ಡ ವಿಂಗ್ (ಗಾಳಿಯಿಂದ ಕಾರನ್ನ ಕೆಳಗ ಒತ್ತೋ ರೆಕ್ಕೆ) ಹಿಂದಿನ ಗಾಲಿಗಿಂತ ಹಿಂದ ಐತಿ. ಅದು ಕೆಳಗ ಒತ್ತಿದ್ರ ಏತದಂಗ ಮುಂದಿನ ತುದಿ ಏಳ್ತೈತಿ. ಕೋನ ಇಳಿಸಿದ್ವಿ, ಅರ್ಧ ತ್ರಾಸು ಅಲ್ಲೇ ಹೋತು.

ಉಳಿದದ್ದಕ್ಕ ಗೋಕುಲ ರೋಡಿನ ವರ್ಕ್‌ಶಾಪಿನಾಗ ಅಲ್ಯೂಮಿನಿಯಂ ಶೀಟಿನ ಏರ್ ಡ್ಯಾಮ್ (ಮುಂದಿನ ಬಂಪರಿನ ಕೆಳಗ ಗಾಳಿ ತಡಿಯೋ ಪಟ್ಟಿ), ಸ್ಪ್ಲಿಟರ್ (ಅದರ ಬುಡದಾಗ ಮುಂದಕ್ಕ ಚಾಚಿದ ಹಲಗಿ) ಮಾಡಿಸಿದೆ. ಪೋರ್ಷೆ 911 ಎಸ್‌ಗೂ 1972ರ ಮಾಡೆಲ್‌ನಾಗ ಮುಂದಿನ ಸ್ಪಾಯ್ಲರ್ ಬಂದಿದ್ದು ಮೂತಿ ಏಳೋದನ್ನ ಕಡಿಮಿ ಮಾಡಾಕ ನೋಡ್ರಿ. ಸ್ಪ್ಲಿಟರನ್ನ ಚಾಸಿಗೆ ರಾಡ್ ಕೊಟ್ಟು ಬಿಗೀರಿ. ಬರೇ ಬಂಪರಿಗೆ ಕೂಡಿಸಿದ್ರ ಬಾಗ್ತೈತಿ.

ನನಗ ಭಾಳ ಆಶ್ಚರ್ಯ ಆಗಿದ್ದು ಬಾನೆಟ್ಟಿನ ಸಂಗತಿ. ವಾಶರ್ ಕೊಟ್ಟು ಬಾನೆಟ್ಟಿನ ಹಿಂದಿನ ಅಂಚು ಎತ್ತಿದ್ರ ಮೂತಿ ಎತ್ತೋ ಒಳಗಿನ ಗಾಳಿ ಹೊರಗ ಹೋಗ್ತೈತಿ ಅಂತ ಭಾಳ ಮಂದಿ ಹೇಳಿದ್ರಿ. ಗಾಳಿ ಹ್ಯಾಂಗ ಹರೀತೈತಿ ನೋಡಾಕ ಬಾನೆಟ್ಟಿನ ಮ್ಯಾಲ ಕೆಂಪು ಉಣ್ಣೆ ದಾರದ ತುಂಡು ಟೇಪ್ ಹಚ್ಚಿ ವಿಡಿಯೋ ತಗದ್ವಿ. ಮುಂದಿನ ದಾರ ನೆಟ್ಟಗ ಹಿಂದಕ್ಕ ಮಲಗಿದ್ವು, ಗ್ಲಾಸಿನ ಬುಡದಾಗಿನವು ಗಿರಗಿರ ಸುತ್ತಿ ಮುಂದಕ್ಕ ಹೊಳ್ಳತಿದ್ವು. ಅಲ್ಲಿ ಒತ್ತಡ ಹೆಚ್ಚು, ಹಂಗಾಗಿ ಗಾಳಿ ಒಳಗ ನುಗ್ತೈತಿ. ವೆಂಟ್ (ಗಾಳಿ ಹೊರಗ ಹೋಗೋ ಕಿಂಡಿ) ಕೊರಸೋದಿದ್ರ ರೇಡಿಯೇಟರ್ ಹಿಂದ, ಬಾನೆಟ್ಟಿನ ಮುಂಭಾಗಕ್ಕ ಕೊರಸ್ರಿ.

ಊರಾಗಿನ ಸ್ಪೀಡ್ ಬ್ರೇಕರಿಗೆ ಸ್ಪ್ಲಿಟರ್ ತಾಗ್ತೈತಿ, ಬಿಚ್ಚೋ ಹಂಗ ಬೋಲ್ಟ್ ಇಡಸ್ರಿ.